ಚಿಕ್ಕ ಶಾಲೆಗೆ ಮಗುವನ್ನು ಸೇರಿಸುವ ಮುನ್ನ: ಕೆಜಿಎಫ್ ಮತ್ತು ಬಂಗಾರಪೇಟೆಯ ಪೋಷಕರಿಗೆ ನಾವು ಏನು ಹೇಳಬಹುದು?

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ತರಗತಿಯೊಳಗೆ ಮಕ್ಕಳು ಕೇಳುವ ಪ್ರಶ್ನೆಗಳಿಗಿಂತ ಗೇಟಿನ ಬಳಿ ಪೋಷಕರು ಕೇಳುವ ಪ್ರಶ್ನೆಗಳೇ ಕಷ್ಟ. ಮಕ್ಕಳ ಪ್ರಶ್ನೆಗೆ ನಾವು ಮನೆಯಲ್ಲಿ ಓದಿಕೊಂಡು ಮರುದಿನ ಉತ್ತರ ಹೇಳಬಹುದು. ಆದರೆ ‘ಇಲ್ಲಿ ಮಕ್ಕಳೇ ಕಮ್ಮಿ, ಬಿಡಿಸಿ ದೊಡ್ಡ ಸ್ಕೂಲಿಗೆ ಹಾಕೋಣವಾ ಮಿಸ್?’ ಎಂದು ಒಬ್ಬ ತಾಯಿ ಕೇಳಿದರೆ ಯಾವ ಪಾಠಯೋಜನೆಯೂ ನೆರವಿಗೆ ಬರುವುದಿಲ್ಲ. ಇಂಟರ್ನ್‌ಶಿಪ್‌ನ ವಾರಗಳಲ್ಲಿ ನಾನು ಕೆಜಿಎಫ್‌ನ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಪಾಠ ಮಾಡಿದೆ. ಅದಕ್ಕೂ ಮೊದಲು ವೀಕ್ಷಣೆಗೆಂದು ಬಂಗಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಎರಡೂ ಚಿಕ್ಕ ಶಾಲೆಗಳು. ಈ ಪ್ರಶ್ನೆ ಎರಡೂ ಕಡೆ ಬಂತು. ಅದಕ್ಕೆ ಉತ್ತರ ಹುಡುಕುತ್ತಾ ಕಾಯ್ದೆ ಓದಿದೆ, ಮುಖ್ಯಶಿಕ್ಷಕರನ್ನು ಕೇಳಿದೆ, ಹಾಜರಾತಿ ಪುಸ್ತಕ ನೋಡಿದೆ. ಹೀಗೆ ತಿಳಿದದ್ದನ್ನು ಮುಂದಿನ ತಂಡದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ‘ಚಿಕ್ಕದು’ ಎಂದರೆ ಎಷ್ಟು ಎಂಬುದು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಇದಕ್ಕೊಂದು ಅಳತೆ ಸಿಗುತ್ತದೆ. 1ರಿಂದ 5ನೇ ತರಗತಿಯವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು, 61ರಿಂದ 90 ಆದರೆ ಮೂವರು, 91ರಿಂದ 120ಕ್ಕೆ ನಾಲ್ವರು, 150 ದಾಟಿದರೆ ಐವರು ಶಿಕ್ಷಕರ ಜೊತೆ ಒಬ್ಬ ಮುಖ್ಯಶಿಕ್ಷಕರು. ಅಂದರೆ 60ರೊಳಗಿನ ಶಾಲೆಯಲ್ಲಿ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳುತ್ತಾರೆ ಎಂದು ಕಾಯ್ದೆಯೇ ಒಪ್ಪಿಕೊಂಡಂತಾಯಿತು. ನನ್ನ ಲೆಕ್ಕದಲ್ಲಿ ಚಿಕ್ಕ ಶಾಲೆ ಎಂದರೆ ಇದು: ಒಂದು ತರಗತಿಗೆ ಒಬ್ಬ ಶಿಕ್ಷಕರು ಸಿಗದ ಶಾಲೆ. ಕಟ್ಟಡ ಎಷ್ಟು ದೊಡ್ಡದಿದ್ದರೂ ಸರಿ. ಗಣಿ ಪ್ರದೇಶದಲ್ಲಿ ಹಳೆಯ ಕಾಲದ ಎತ್ತರದ ಚಾವಣಿ, ಉದ್ದನೆಯ ಜಗುಲಿ ಇರುವ ಕಟ್ಟಡಗಳಲ್ಲೂ ಚಿಕ್ಕ ಶಾಲೆಗಳಿವೆ.

ಕೆಜಿಎಫ್‌ನಲ್ಲಿ ಶಾಲೆಗಳು ಚಿಕ್ಕದಾಗಲು ಇರುವ ಕಾರಣ ಬೇರೆ, ಬಂಗಾರಪೇಟೆ ಸುತ್ತಲಿನ ಹಳ್ಳಿಗಳಲ್ಲಿರುವ ಕಾರಣ ಬೇರೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಗಣಿಯನ್ನೇ ನಂಬಿದ್ದ ಕುಟುಂಬಗಳು ಬೇರೆ ಕಡೆ ಕೆಲಸ ಹುಡುಕಬೇಕಾಯಿತು. ಕೆಲವರು ಊರು ಬಿಟ್ಟರು. ಉಳಿದವರಲ್ಲಿ ಎಷ್ಟೋ ಜನ ದಿನಾ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಕೋರಮಂಡಲದ ಕಾರ್ಮಿಕರ ಲೈನುಗಳಲ್ಲಿ ಮಕ್ಕಳು ಕಡಿಮೆಯಾದಾಗ ಅಲ್ಲಿನ ಶಾಲೆಗಳಲ್ಲೂ ಕಡಿಮೆಯಾದರು. ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಜನ ಇದ್ದಾರೆ, ಮಕ್ಕಳೂ ಇದ್ದಾರೆ. ಆದರೆ ಬೆಳಿಗ್ಗೆ ಖಾಸಗಿ ಶಾಲೆಯ ವ್ಯಾನು ಬಂದು ಅವರನ್ನು ಕರೆದುಕೊಂಡು ಹೋಗುತ್ತದೆ. ಈ ವ್ಯತ್ಯಾಸ ನಮಗೆ ತಿಳಿದಿರಬೇಕು. ಮೊದಲನೆಯ ಕಡೆ ಪೋಷಕರಿಗೆ ಶಾಲೆಯ ಮೇಲೆ ಬೇಸರವಿಲ್ಲ, ಅದು ಉಳಿಯುತ್ತದೋ ಇಲ್ಲವೋ ಎಂಬ ಭಯ ಇದೆ. ಎರಡನೆಯ ಕಡೆ ಶಾಲೆಯ ಮೇಲೇ ನಂಬಿಕೆ ಕಡಿಮೆ. ಒಂದೇ ಉತ್ತರ ಎರಡಕ್ಕೂ ಸಾಲದು.

ಯಾರ ಶಾಲೆ, ಯಾರ ದುಡ್ಡು

ಪೋಷಕರು ಸಾಮಾನ್ಯವಾಗಿ ಶಾಲೆಗಳನ್ನು ಎರಡೇ ಬಗೆ ಮಾಡುತ್ತಾರೆ: ಗೌರ್ಮೆಂಟು ಮತ್ತು ಪ್ರೈವೇಟು. ನಡುವೆ ಇರುವ ಮೂರನೆಯದು, ಅಂದರೆ ಅನುದಾನಿತ ಶಾಲೆ, ಎಷ್ಟೋ ಜನರಿಗೆ ಪ್ರೈವೇಟೇ. ನಮ್ಮ ಊರಿನ ಮಟ್ಟಿಗೆ ಇದು ಸಣ್ಣ ತಪ್ಪು ತಿಳಿವಳಿಕೆಯಲ್ಲ. ಅನುದಾನಿತ ಶಾಲೆಯ ಆಡಳಿತ ಒಂದು ಖಾಸಗಿ ಸಂಸ್ಥೆಯದ್ದು, ಮಂಜೂರಾದ ಹುದ್ದೆಯಲ್ಲಿರುವ ಶಿಕ್ಷಕರ ಸಂಬಳ ಸರ್ಕಾರದ್ದು. ಅಮೆರಿಕದಲ್ಲಿ ‘ಚಾರ್ಟರ್ ಶಾಲೆ’ ಎಂದು ಕರೆಯುವ ವ್ಯವಸ್ಥೆಯ ಬಗ್ಗೆ ನಾವು ಓದುತ್ತೇವಲ್ಲ, 1991ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಕಾನೂನಾಗಿ ಆರಂಭವಾದದ್ದು, ಅದಕ್ಕೆ ನಮ್ಮಲ್ಲಿ ಹತ್ತಿರವಾದದ್ದು ಇದೇ. ಸಾರ್ವಜನಿಕ ಹಣ, ಸರ್ಕಾರೇತರ ಆಡಳಿತ. ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಶಾಲೆಗೂ ಅನುಮತಿ ಕೊಟ್ಟವರಿಗೂ ನಡುವೆ ಇಷ್ಟು ವರ್ಷವೆಂದು ಕರಾರು ಇರುತ್ತದೆ. ಫಲಿತಾಂಶ ಸರಿಯಿಲ್ಲದಿದ್ದರೆ ಕರಾರು ಮುಗಿಯುತ್ತದೆ, ಶಾಲೆ ಮುಚ್ಚುತ್ತದೆ. ನಮ್ಮ ಅನುದಾನಿತ ಶಾಲೆಗೆ ಅಂಥ ಕೊನೆಯ ದಿನವಿಲ್ಲ. ಆದರೆ ಅದು ಬೇರೆ ರೀತಿಯಲ್ಲಿ ಸವೆಯುತ್ತದೆ. ಹುದ್ದೆಯಲ್ಲಿದ್ದವರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು. ಅದು ಬರುವ ತನಕ ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಟ್ಟು ತಾತ್ಕಾಲಿಕ ಶಿಕ್ಷಕರನ್ನು ಇಟ್ಟುಕೊಳ್ಳಬೇಕು. ದುಡ್ಡಿಲ್ಲದ ಮಂಡಳಿಗೆ ಅದೂ ಆಗುವುದಿಲ್ಲ.

ಹಾಗಾಗಿ ಅನುದಾನಿತ ಚಿಕ್ಕ ಶಾಲೆಗೆ ಮಗುವನ್ನು ಸೇರಿಸುವ ಪೋಷಕರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಮಕ್ಕಳಿದ್ದಾರೆ’ ಎಂಬುದಲ್ಲ ಎಂದು ನನಗನ್ನಿಸುತ್ತದೆ. ‘ಅನುದಾನದ ಹುದ್ದೆಯಲ್ಲಿ ಈಗ ಎಷ್ಟು ಜನ ಮೇಷ್ಟ್ರು ಇದ್ದಾರೆ, ಯಾರು ಯಾವಾಗ ರಿಟೈರ್ ಆಗುತ್ತಾರೆ’ ಎಂದು ಕೇಳಬೇಕು. ಕೇಳಲು ಸಂಕೋಚವಾಗಬಹುದು, ಆದರೆ ಇದರಲ್ಲಿ ಗುಟ್ಟೇನೂ ಇಲ್ಲ. ನಾನಿದ್ದ ಶಾಲೆಯಲ್ಲಿ ಮುಖ್ಯಶಿಕ್ಷಕರು ಒಂದು ನಿಮಿಷದಲ್ಲಿ ಬೆರಳಲ್ಲಿ ಎಣಿಸಿ ಹೇಳಿದರು. ಮಗು 3ನೇ ತರಗತಿಯಲ್ಲಿದ್ದು ಎರಡೇ ವರ್ಷದಲ್ಲಿ ಇಬ್ಬರು ನಿವೃತ್ತರಾಗುವುದಿದ್ದರೆ, 6ನೇ ತರಗತಿಗೆ ಎಲ್ಲಿ ಸೇರಿಸುವುದು ಎಂದು ಈಗಿನಿಂದಲೇ ಯೋಚಿಸಬಹುದು.

ಇನ್ನೊಂದು ವಿಷಯ ಹಣದ್ದು. ಅನುದಾನಿತ ಶಾಲೆಗೆ ಬರುವ ವಾರ್ಷಿಕ ಅನುದಾನ ಅದರ ವಾರ್ಷಿಕ ಖರ್ಚಿನಲ್ಲಿ ಎಷ್ಟು ಪಾಲೋ, ಅಷ್ಟು ಪಾಲು ಮಕ್ಕಳಿಗೆ, ಕನಿಷ್ಠ ಶೇಕಡ 25ರಷ್ಟು ಮಕ್ಕಳಿಗೆ, 8ನೇ ತರಗತಿಯವರೆಗೆ ಉಚಿತ ಶಿಕ್ಷಣ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಮಧ್ಯಾಹ್ನದ ಬಿಸಿಯೂಟ, ಉಚಿತ ಪಠ್ಯಪುಸ್ತಕ ಸರ್ಕಾರಿ ಶಾಲೆಗೆ ಮಾತ್ರವಲ್ಲ, ಅನುದಾನಿತ ಶಾಲೆಗೂ ಉಂಟು. ಅನುದಾನರಹಿತ ಶಾಲೆಗೆ ಇವು ಇಲ್ಲ. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿರುವ, ತಂದೆ ಐದು ಗಂಟೆಗೇ ಸ್ಟೇಷನ್ನಿಗೆ ಹೋಗುವ ಕುಟುಂಬದಲ್ಲಿ ಮಧ್ಯಾಹ್ನದ ಊಟ ಯಾರು ಕಟ್ಟಿಕೊಡುತ್ತಾರೆ ಎಂಬುದೂ ಶಾಲೆ ಆರಿಸುವ ಲೆಕ್ಕದೊಳಗೆ ಬರುತ್ತದೆ.

‘ಆರ್‌ಟಿಇ ಸೀಟು’ ಕೇಳಿಕೊಂಡು ಬರುವವರು ಇನ್ನೂ ಇದ್ದಾರೆ. ಅವರಿಗೆ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. 2019–20ನೇ ಸಾಲಿನಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯಲ್ಲಿ ಶೇಕಡ 25ರ ಸೀಟು ಸಿಗುವುದಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಂಥ ಕಡೆ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಹತ್ತಿರದಲ್ಲಿ ಇದ್ದೇ ಇರುತ್ತದೆ. ಆ ಸೀಟಿಗಾಗಿ ಕಾಯುತ್ತಾ ಜೂನ್ ಕಳೆದುಕೊಳ್ಳಬಾರದು.

ಒಂದು ಕೊಠಡಿ, ಹಲವು ತರಗತಿ

ಪೋಷಕರಿಗೆ ಹೆಚ್ಚು ಆತಂಕ ತರುವುದು ಇದು. ಕಿಟಕಿಯಿಂದ ನೋಡಿದರೆ ಒಂದೇ ಕೊಠಡಿಯಲ್ಲಿ ಚಿಕ್ಕವರು ದೊಡ್ಡವರು ಕಲೆತು ಕೂತಿರುತ್ತಾರೆ, ಕೆಲವರು ಕಾರ್ಡು ಹಿಡಿದುಕೊಂಡು ಓಡಾಡುತ್ತಿರುತ್ತಾರೆ, ಟೀಚರು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತಿರುತ್ತಾರೆ. ‘ಪಾಠವೇ ನಡೀತಿಲ್ಲ’ ಎಂದು ಒಬ್ಬ ಅಜ್ಜ ನನಗೆ ಹೇಳಿದರು. 1ರಿಂದ 3ನೇ ತರಗತಿಯವರೆಗಿನ ನಲಿ-ಕಲಿ ಹಾಗೆಯೇ ಇರಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಲಿ-ಕಲಿಯ ಹಿನ್ನೆಲೆ ನಮ್ಮ ಜಿಲ್ಲೆಯವರಿಗೆ ತಿಳಿದಿದ್ದರೆ ಚೆನ್ನ, ಏಕೆಂದರೆ ಅದರ ಬೇರು ಇಲ್ಲೇ ಗಡಿಯಾಚೆ ಇದೆ. ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿ ಸಂಸ್ಥೆ ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಾ ಕಾರ್ಡು ಮತ್ತು ಕಲಿಕಾ ಏಣಿಯ ವಿಧಾನ ರೂಪಿಸಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅದನ್ನು ನೋಡಿ ಬಂದು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡರು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ಬಂತು. ಅಂದರೆ ಶಿಕ್ಷಕರಿಲ್ಲದ ಕಾರಣಕ್ಕೆ ತರಗತಿಗಳನ್ನು ಒಟ್ಟಿಗೆ ತಳ್ಳಿದ್ದಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯಬಲ್ಲರು ಎಂದು ತಿಳಿದೇ ಮಾಡಿದ ಏರ್ಪಾಡು. ಮಗು ಏಣಿಯಲ್ಲಿ ತನ್ನ ಮೈಲಿಗಲ್ಲು ಹುಡುಕುತ್ತದೆ, ಅದಕ್ಕೆ ಸಂಬಂಧಿಸಿದ ಕಾರ್ಡು ತೆಗೆಯುತ್ತದೆ, ಕಾರ್ಡಿನ ಗುರುತು ನೋಡಿ ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಜೊತೆಯ ಮಕ್ಕಳ ಸಹಾಯ, ಕೊನೆಗೆ ಸ್ವಕಲಿಕೆ. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಕಲ್ಲು ಹೊರಲು, ಟೊಮ್ಯಾಟೊ ಬಿಡಿಸಲು ಕುಟುಂಬದ ಜೊತೆ ವಲಸೆ ಹೋಗಿ ಬರುವ ಮಕ್ಕಳಿಗೆ ಇದೇ ದೊಡ್ಡ ಅನುಕೂಲ.

ಪೋಷಕರು ಗೋಡೆಯ ಮೇಲಿನ ಪ್ರಗತಿ ನೋಟವನ್ನು ನೋಡಲು ಕಲಿಯಬೇಕು. ಮಗು ಯಾವ ಮೈಲಿಗಲ್ಲಿನಲ್ಲಿದೆ, ಹೋದ ತಿಂಗಳು ಎಲ್ಲಿತ್ತು ಎಂದು ಕೇಳಿದರೆ ಸಾಕು, ಅಂಕಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ. ಎರಡು ತಿಂಗಳಿಂದ ಗುರುತು ಕದಲಿಲ್ಲದಿದ್ದರೆ ಆಗ ಚಿಂತೆ ಮಾಡಬೇಕು.

4 ಮತ್ತು 5ನೇ ತರಗತಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಏಣಿಯಿಲ್ಲ, ಕಾರ್ಡಿಲ್ಲ, ಎರಡು ಪಠ್ಯಪುಸ್ತಕಗಳಿವೆ. ನಾನು ವೀಕ್ಷಿಸಿದ ಶಾಲೆಯಲ್ಲಿ ಎರಡೂ ತರಗತಿ ಸೇರಿ 9 ಮಕ್ಕಳು. ಶಿಕ್ಷಕಿ ಭಿನ್ನರಾಶಿಯನ್ನು ಎರಡೂ ತರಗತಿಗೆ ಒಂದೇ ವಾರದಲ್ಲಿ ಬರುವಂತೆ ಹೊಂದಿಸಿಕೊಂಡಿದ್ದರು. ಎಲ್ಲರಿಗೂ ದೋಸೆಯ ಆಕಾರದ ಕಾಗದ. 4ನೆಯವರು ಮಡಚಿ ಅರ್ಧ, ಕಾಲು ಗುರುತಿಸಿದರು. 5ನೆಯವರು ಅದೇ ಕಾಗದವನ್ನು ಇನ್ನೊಮ್ಮೆ ಮಡಚಿ ಎರಡು ಕಾಲು, ನಾಲ್ಕು ಎಂಟನೇ ಒಂದು ಸೇರಿದರೂ ಅರ್ಧವೇ ಎಂದು ತೋರಿಸಿದರು. 4ನೇ ತರಗತಿಯ ಒಬ್ಬ ಹುಡುಗಿ ಪಕ್ಕದಿಂದ ನೋಡಿ ಅದನ್ನೂ ಮಾಡಿ ಮುಗಿಸಿದಳು. ಇಂಥದ್ದು ಸಾಧ್ಯವಾಗುವುದು ಶಿಕ್ಷಕಿ ಎರಡೂ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ವರ್ಷದ ಯೋಜನೆ ಹಾಕಿದ್ದರೆ ಮಾತ್ರ. ಇಲ್ಲದಿದ್ದರೆ ಒಂದು ತರಗತಿಗೆ ಪಾಠ, ಇನ್ನೊಂದಕ್ಕೆ ‘ಬೋರ್ಡ್ ನೋಡಿ ಬರೆದುಕೊಳ್ಳಿ’. ಪೋಷಕರು ಮಗುವಿನ ನೋಟ್‌ಬುಕ್ ತಿರುವಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ: ಪುಟಗಟ್ಟಲೆ ನಕಲು ಇದೆಯೋ, ಮಗು ತಾನೇ ಮಾಡಿದ ಲೆಕ್ಕ, ಚಿತ್ರ, ತಿದ್ದುಪಡಿ ಇದೆಯೋ.

ಇಲ್ಲಿ ನಮ್ಮ ಕಾಲೇಜಿಗೂ ಒಂದು ಮಾತು ಸೇರಿಸುತ್ತೇನೆ. ನಾವು ಬರೆಯುವ ಪಾಠಯೋಜನೆಯ ನಮೂನೆ ಒಂದು ತರಗತಿ, ಒಂದು ಘಟಕ, 40 ನಿಮಿಷ ಎಂದು ಆರಂಭವಾಗುತ್ತದೆ. ಬಹುವರ್ಗ ಬೋಧನೆ ನಮಗೆ ಒಂದು ಟಿಪ್ಪಣಿಯಷ್ಟೇ. ಸುತ್ತಮುತ್ತಲಿನ ಶಾಲೆಗಳ ಸ್ಥಿತಿ ನೋಡಿದರೆ ಕನಿಷ್ಠ ಎರಡು ಪಾಠಗಳನ್ನಾದರೂ ಎರಡು ತರಗತಿಗಳ ಕೂಡು ಕೊಠಡಿಯಲ್ಲಿ ಮಾಡಿಸಬೇಕು.

ಮಕ್ಕಳು ಕಡಿಮೆಯಿದ್ದರೆ ಕಲಿಕೆ ತಾನಾಗಿ ಚೆನ್ನಾಗುತ್ತದೆ ಎಂಬ ಮಾತನ್ನೂ ಎಚ್ಚರಿಕೆಯಿಂದ ಆಡಬೇಕು. ಇದಕ್ಕೆ ಹೆಚ್ಚಾಗಿ ಉದಾಹರಿಸುವ ಅಧ್ಯಯನ ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದದ್ದು. 13ರಿಂದ 17 ಮಕ್ಕಳ ತರಗತಿಯಲ್ಲಿದ್ದವರು 22ರಿಂದ 25 ಮಕ್ಕಳ ತರಗತಿಯಲ್ಲಿದ್ದವರಿಗಿಂತ ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು, ಅದರಲ್ಲೂ ಬಡ ಮಕ್ಕಳಿಗೆ ಹೆಚ್ಚು ಲಾಭವಾಯಿತು. ಆದರೆ ಅಲ್ಲಿ ಆ 15 ಮಕ್ಕಳು ಒಂದೇ ತರಗತಿಯವರು, ಅವರಿಗೇ ಒಬ್ಬ ಪೂರ್ಣಾವಧಿ ಶಿಕ್ಷಕರು. ನಮ್ಮಲ್ಲಿ 15 ಮಕ್ಕಳು ಎಂದರೆ ಮೂರು ತರಗತಿ ಸೇರಿ. ಜೊತೆಗೆ ಇಬ್ಬರು ಶಿಕ್ಷಕರಲ್ಲಿ ಒಬ್ಬರು ಮುಖ್ಯಶಿಕ್ಷಕರ ಪ್ರಭಾರ ಹೊತ್ತಿರುತ್ತಾರೆ: ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ನಮೂದು, ಕ್ಲಸ್ಟರ್ ಸಭೆ, ತರಬೇತಿ. ಅವರು ಹೊರಗೆ ಹೋದ ದಿನ ಐದು ತರಗತಿಗೂ ಒಬ್ಬರೇ. ಇಬ್ಬರಲ್ಲಿ ಒಬ್ಬರು ವರ್ಗವಾಗಿ ಹೋಗಿ ಅತಿಥಿ ಶಿಕ್ಷಕರು ಬರುವುದು ತಡವಾದರೆ ವಾರಗಟ್ಟಲೆ ಹಾಗೆಯೇ. ಹಾಗಾಗಿ ಪೋಷಕರು ಮಕ್ಕಳ ಸಂಖ್ಯೆಯ ಜೊತೆಗೆ ವಾರದಲ್ಲಿ ಎಷ್ಟು ದಿನ ಇಬ್ಬರೂ ಶಿಕ್ಷಕರು ಶಾಲೆಯಲ್ಲಿರುತ್ತಾರೆ ಎಂಬುದನ್ನು ಗಮನಿಸಲಿ. ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ನಡೆಯಬೇಕು. 6ರಿಂದ 8ಕ್ಕೆ 220 ದಿನ, 1000 ಗಂಟೆ.

6ರಿಂದ 8ನೇ ತರಗತಿಗೆ ಬಂದರೆ ಕೇಳಬೇಕಾದ್ದು ಬೇರೆ. ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕೆಂದು ಅನುಸೂಚಿ ಹೇಳುತ್ತದೆ. ನಾನು ಬಿ.ಎಸ್ಸಿ. ಓದಿದವಳಾದ್ದರಿಂದ ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಕಾಳಜಿ. ವಿಜ್ಞಾನ ಓದದವರು 7ನೇ ತರಗತಿಗೆ ಆಮ್ಲ-ಪ್ರತ್ಯಾಮ್ಲ ಪಾಠ ಮಾಡಿದರೆ ಲಿಟ್ಮಸ್ ಕಾಗದ ಬೀರುವಿನಲ್ಲೇ ಉಳಿಯುತ್ತದೆ. ಅದೇ ಚಿಕ್ಕ ಶಾಲೆಯಲ್ಲಿ ವಿಜ್ಞಾನದವರು ಇದ್ದರೆ 11 ಮಕ್ಕಳೂ ಕೈಯಾರೆ ಹುಣಸೆ ನೀರು, ಸುಣ್ಣದ ನೀರು, ಸೋಪಿನ ನೀರು ಪರೀಕ್ಷಿಸುತ್ತಾರೆ. 60 ಮಕ್ಕಳಿರುವ ಖಾಸಗಿ ಶಾಲೆಯ ತರಗತಿಯಲ್ಲಿ ಮೇಜಿನ ಮುಂದೆ ನಿಂತ ನಾಲ್ಕು ಜನಕ್ಕೆ ಮಾತ್ರ ಬಣ್ಣ ಕಾಣುತ್ತದೆ.

ಭಾಷೆ

ಕೆಜಿಎಫ್‌ನಲ್ಲಿ ಮನೆಯ ಮಾತು ತಮಿಳು, ತೆಲುಗು ಅಥವಾ ಉರ್ದು ಆಗಿರುವ ಮಕ್ಕಳು ಬಹಳ. ಕನ್ನಡ ಕಲಿಕಾ ಕಾಯ್ದೆ, 2015ರ ಪ್ರಕಾರ ಮಾಧ್ಯಮ ಯಾವುದೇ ಇದ್ದರೂ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕು. ಮಾಧ್ಯಮದ ಆಯ್ಕೆ ಮಾತ್ರ ಪೋಷಕರದ್ದು, ಅದನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೆ ಆಯ್ಕೆಯ ಹಕ್ಕು ಇದ್ದರೆ ಸಾಲದು, ಮುಂದಿನ ದಾರಿಯೂ ಇರಬೇಕು. ತಮಿಳು ಮಾಧ್ಯಮದ ಚಿಕ್ಕ ಪ್ರಾಥಮಿಕ ಶಾಲೆಯಲ್ಲಿ ಓದಿದ ಮಗು ನಡೆದುಹೋಗುವಷ್ಟು ದೂರದಲ್ಲಿ ಅದೇ ಮಾಧ್ಯಮದ ಹೈಸ್ಕೂಲು ಇದೆಯೇ? ಇಲ್ಲದಿದ್ದರೆ 8ನೇ ತರಗತಿಯಲ್ಲಿ ಒಮ್ಮೆಗೇ ಕನ್ನಡ ಅಥವಾ ಇಂಗ್ಲಿಷಿಗೆ ಬದಲಾಗಬೇಕು, ಅದೂ ಬೀಜಗಣಿತ ಶುರುವಾಗುವ ಹೊತ್ತಿಗೆ. 7ನೇ ತರಗತಿಯ ಒಬ್ಬ ಹುಡುಗ ನನ್ನ ಪಾಠದಲ್ಲಿ ತ್ರಿಜ್ಯ ಎಂಬ ಪದಕ್ಕೆ ತಡವರಿಸುತ್ತಿದ್ದ, ವೃತ್ತ ಎಳೆಯುವುದರಲ್ಲಿ ಎಲ್ಲರಿಗಿಂತ ಚುರುಕು. ಅವನಿಗೆ ಗೊತ್ತಿಲ್ಲದ್ದು ಗಣಿತವಲ್ಲ. ಚಿಕ್ಕ ಶಾಲೆಯಲ್ಲಿ ಇದನ್ನು ಗುರುತಿಸುವುದು ಸುಲಭ, ಪಕ್ಕದಲ್ಲಿ ಕೂತು ಅವನ ಮಾತಿನಲ್ಲೇ ಹೇಳಿ ಮತ್ತೆ ಕನ್ನಡಕ್ಕೆ ತರಬಹುದು. ಮನೆಮಾತನ್ನು ಬಲ್ಲ ಶಿಕ್ಷಕರು ಶಾಲೆಯಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ಪೋಷಕರು ವಿಚಾರಿಸಬೇಕು.

ಮುಚ್ಚಿದರೆ?

‘ಈ ಸ್ಕೂಲು ಮುಂದಿನ ವರ್ಷ ಇರ್ತದಾ ಮಿಸ್?’ ಎಂದು ಕೇಳಿದ ತಾಯಿಯೊಬ್ಬರಿಗೆ ಹಾಗೆ ಕೇಳಲು ಕಾರಣವಿತ್ತು. ಅವರ ದೊಡ್ಡ ಮಗ ಓದುತ್ತಿದ್ದ ಒಂದು ಚಿಕ್ಕ ಅನುದಾನರಹಿತ ಶಾಲೆ ಬೇಸಿಗೆ ರಜೆಯಲ್ಲಿ ಬಾಗಿಲು ಹಾಕಿತ್ತು. ಬಾಕಿ ಫೀಸು ಕಟ್ಟಿದರೆ ಟಿ.ಸಿ. ಕೊಡುತ್ತೇವೆ ಎಂದರಂತೆ. ತಂದೆ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ, ಅಷ್ಟು ದುಡ್ಡು ಒಮ್ಮೆಗೆ ಹೊಂದಿಸಲಾಗಲಿಲ್ಲ. ಟಿ.ಸಿ. ಇಲ್ಲದೆ ಬೇರೆ ಶಾಲೆಗೆ ಹೋಗಿ ಕೇಳುವುದು ಹೇಗೆ ಎಂದು ಹುಡುಗ ಜೂನ್, ಜುಲೈ ಎರಡು ತಿಂಗಳು ಮನೆಯಲ್ಲೇ ಉಳಿದ. 6ನೇ ತರಗತಿಯ ಹುಡುಗ. ಅಷ್ಟರಲ್ಲಿ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡಲು ಹೋಗತೊಡಗಿದ್ದ.

ನಾವು ಪೋಷಕರಿಗೆ ಹೇಳಬಹುದಾದ ವಿಷಯಗಳಲ್ಲಿ ಇದರಷ್ಟು ಉಪಯೋಗದ್ದು ಬೇರೊಂದಿಲ್ಲ: ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕಿದೆ. ಹಿಂದಿನ ಶಾಲೆಯ ಮುಖ್ಯಸ್ಥರು ಟಿ.ಸಿ.ಯನ್ನು ತಕ್ಷಣ ಕೊಡಬೇಕು. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲದಿದ್ದರೂ ಪ್ರವೇಶ ತಪ್ಪಿಸುವಂತಿಲ್ಲ. ಇದು 8ನೇ ತರಗತಿಯವರೆಗಿನ ಮಾತು. 9, 10ನೆಯವರಿಗೆ ಈ ರಕ್ಷಣೆ ಇಲ್ಲ, ಅವರು ಟಿ.ಸಿ. ತೆಗೆದುಕೊಂಡೇ ಹೊರಡುವುದು ಕ್ಷೇಮ. ನಾನಿದ್ದ ಶಾಲೆಯ ಮುಖ್ಯಶಿಕ್ಷಕರು ಆ ಹುಡುಗನನ್ನು ಅದೇ ವಾರ ತರಗತಿಯಲ್ಲಿ ಕೂರಿಸಿಕೊಂಡರು. ಕಾಗದದ ಕೆಲಸ ಆಮೇಲೆ ನಡೆಯಿತು, ಸ್ಯಾಟ್ಸ್‌ನಲ್ಲಿ ಹೆಸರು ವರ್ಗವಾಗಲು ಮಾತ್ರ ಸಾಕಷ್ಟು ಓಡಾಟವಾಯಿತು.

ಅನುದಾನರಹಿತ ಚಿಕ್ಕ ಶಾಲೆಗೆ ಸೇರಿಸುವವರು ಮುಂಚೆಯೇ ಕೆಲವು ಕಾಗದ ನೋಡಬೇಕು. ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಮಾನ್ಯತೆ ಒಮ್ಮೆ ಸಿಕ್ಕರೆ ಸದಾಕಾಲಕ್ಕೂ ಅಲ್ಲ, ನವೀಕರಿಸುತ್ತಿರಬೇಕು. ಅದು ಎಷ್ಟನೇ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಎಂಬುದೂ ಅದರಲ್ಲಿರುತ್ತದೆ. ಬೋರ್ಡಿನಲ್ಲಿ ‘ಇಂಗ್ಲಿಷ್ ಹೈಸ್ಕೂಲ್’ ಎಂದು ಬರೆದಿದ್ದು ಅನುಮತಿ 7ನೇ ತರಗತಿಯವರೆಗೆ ಮಾತ್ರ ಇದ್ದರೆ ತೊಂದರೆ ಎಸ್‌ಎಸ್‌ಎಲ್‌ಸಿ ನೋಂದಣಿಯ ಹೊತ್ತಿಗೆ ಗೊತ್ತಾಗುತ್ತದೆ. ಶಾಲೆಗೆ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಅದನ್ನೂ, ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನೂ ಪೋಷಕರು ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದರೆ ಶಾಲೆ ಮುಚ್ಚಿದರೂ ಮಗುವಿನ ದಾಖಲೆ ಹುಡುಕಬಹುದು. ಫೀಸು ಕಟ್ಟಿದ್ದಕ್ಕೆಲ್ಲ ರಸೀದಿ ಇರಲಿ. ಪ್ರವೇಶಕ್ಕೆ ವಂತಿಗೆ ಕೇಳುವುದು, ಮಗುವಿಗೆ ಅಥವಾ ತಂದೆತಾಯಿಗೆ ಪರೀಕ್ಷೆ ಇಡುವುದು 13ನೇ ಸೆಕ್ಷನ್ ಪ್ರಕಾರ ನಿಷಿದ್ಧ.

ಸರ್ಕಾರಿ ಚಿಕ್ಕ ಶಾಲೆಯ ವಿಷಯದಲ್ಲಿ ಪೋಷಕರ ಕೈಯಲ್ಲಿ ಇನ್ನೊಂದು ಸಾಧನವಿದೆ. ಅದು ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ತಂದೆತಾಯಿಗಳು ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 300 ಮಕ್ಕಳ ಶಾಲೆಯಲ್ಲಿ ಸಮಿತಿಗೆ ಬರುವುದು ಊರಿನಲ್ಲಿ ಪ್ರಭಾವ ಇರುವವರು. 20 ಮಕ್ಕಳ ಶಾಲೆಯಲ್ಲಿ ಹೆಚ್ಚು ಕಡಿಮೆ ಪ್ರತಿ ಮನೆಯಿಂದಲೂ ಒಬ್ಬರು ಬೇಕಾಗುತ್ತಾರೆ. ಕೂಲಿಗೆ ಹೋಗುವ ತಾಯಿಯೂ ಸಹಿ ಹಾಕುವವಳಾಗುತ್ತಾಳೆ. ಶಿಕ್ಷಕರ ಹುದ್ದೆ ಖಾಲಿಯಾದಾಗ ಬಿಇಓ ಕಚೇರಿಗೆ ಸಮಿತಿಯ ಠರಾವಿನೊಂದಿಗೆ ಹೋಗುವುದಕ್ಕೂ ಒಬ್ಬ ತಂದೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ನಾನು ವೀಕ್ಷಿಸಿದ ಶಾಲೆಯಲ್ಲಿ ಸಭೆ ಬೆಳಿಗ್ಗೆ 11ಕ್ಕೆ ಇಡುತ್ತಿದ್ದರು, ಯಾರೂ ಬರುತ್ತಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎಂದು ಬದಲಾಯಿಸಿದಾಗ ಆರು ತಾಯಂದಿರು ಬಂದರು. ಅವರಲ್ಲಿ ಮೂವರು ಕೇಳಿದ್ದು ಒಂದೇ ಪ್ರಶ್ನೆ: 5 ಮುಗಿದ ಮೇಲೆ ಎಲ್ಲಿಗೆ ಕಳಿಸುವುದು?

ಅದಕ್ಕೆ ನಿಯಮದ ಉತ್ತರ ಇದೆ. 1ರಿಂದ 5ನೇ ತರಗತಿಗೆ ಮನೆಯಿಂದ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಆದರೆ ಆ ತಾಯಂದಿರು ಕೇಳಿದ್ದು ಕಿಲೋಮೀಟರ್ ಅಲ್ಲ; ದಾರಿಯಲ್ಲಿ ರೈಲ್ವೆ ಗೇಟು ಇದೆ, ಕೆರೆಯ ಏರಿ ಇದೆ, ಸಂಜೆ ಬಸ್ಸಿಲ್ಲ. ಅಲ್ಲಿನ ಶಿಕ್ಷಕಿ ಒಂದು ಕೆಲಸ ಮಾಡುತ್ತಾರೆ. ಪ್ರತಿ ವರ್ಷ ಫೆಬ್ರವರಿಯಲ್ಲಿ 5ನೇ ತರಗತಿಯ ಮಕ್ಕಳನ್ನೂ ಅವರ ಮನೆಯ ಒಬ್ಬೊಬ್ಬರನ್ನೂ ಕರೆದುಕೊಂಡು ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯವರೆಗೆ ನಡೆದು ಹೋಗುತ್ತಾರೆ. ಅಲ್ಲಿ 6ನೇ ತರಗತಿಯಲ್ಲಿ ಅರ್ಧ ದಿನ ಕೂರಿಸುತ್ತಾರೆ, ಬಿಸಿಯೂಟ ಅಲ್ಲೇ. ವಾಪಸು ಬರುವಾಗ ಯಾರ ಜೊತೆ ಯಾರು ಹೋಗುವುದೆಂದು ಮಕ್ಕಳೇ ಮಾತಾಡಿಕೊಂಡಿರುತ್ತಾರೆ. ಹೋದ ವರ್ಷ 5 ಮುಗಿಸಿದ ನಾಲ್ವರೂ ಈಗ ಅಲ್ಲಿಯೇ ಓದುತ್ತಿದ್ದಾರೆ.